ಕಂಡದ್ದನ್ನು ಬಿಡಿಸು

ಪ್ರೀತಿಯ ತಂಗಿ,

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಚೆಕ್ ನಾಡಿನ ಊರು ಟೆರೆಜಿನ್‌ನಲ್ಲಿ ಸೆರೆಯಾಗಿದ್ದ ಯಹೂದಿ ಹುಡುಗಿಯ ಬಗ್ಗೆ ನೀನು ಬರೆದ ಕಥೆಯನ್ನು ಎರಡು ಸಲ ಓದಿದೆ. ಅವಳ ಸಂಕಟ ನಿನ್ನ ನಿದ್ದೆ ಕೆಡಿಸಿದೆ ಎಂಬುದು ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ. ಆದರೆ ಆರು ಪುಟಗಳಲ್ಲಿ ಹುಡುಗಿ ಒಂಬತ್ತು ಸಲ ಅಳುತ್ತಾಳೆ. ಒಮ್ಮೆಯೂ ಅವಳಿಗೆ ಹಸಿವಾಗುವುದಿಲ್ಲ, ಯಾರ ಮೇಲೂ ಸಿಟ್ಟು ಬರುವುದಿಲ್ಲ. ರಾತ್ರಿ ಅವಳ ಪಕ್ಕದಲ್ಲಿ ಮಲಗುವವರು ಯಾರೆಂದೂ ತಿಳಿಯಲಿಲ್ಲ.

ನಿಜವಾಗಿಯೂ ಅಲ್ಲಿ ಸೆರೆಯಾಗಿದ್ದ ಒಬ್ಬಳ ಬಗ್ಗೆ ಹೇಳುತ್ತೇನೆ. ಹೆಲ್ಗಾ ವೈಸೋವಾ ಪ್ರಾಗ್‌ನ ಯಹೂದಿ ಹುಡುಗಿ. 1941ರ ಡಿಸೆಂಬರಿನಲ್ಲಿ ನಾಜಿಗಳು ಅವಳನ್ನೂ ಅಪ್ಪ ಅಮ್ಮನನ್ನೂ ಟೆರೆಜಿನ್‌ಗೆ ಸಾಗಿಸಿದಾಗ ಅವಳಿಗೆ 12 ವರ್ಷ. ಅಲ್ಲಿ ಗಂಡಸರಿಗೆ ಬೇರೆ ಬ್ಯಾರಕ್. ಹೋದ ಹೊಸದರಲ್ಲಿ ಅವಳು, ಇಬ್ಬರು ಮಕ್ಕಳು ಹಿಮದ ಗೊಂಬೆ ಮಾಡುತ್ತಿರುವ ಚಿತ್ರ ಬಿಡಿಸಿ, ಕಣ್ಣು ತಪ್ಪಿಸಿ ಅಪ್ಪನಿಗೆ ಕಳಿಸಿದಳು. ಅಪ್ಪನಿಂದ ಉತ್ತರ ಬಂತು: 'ಕಂಡದ್ದನ್ನು ಬಿಡಿಸು.' ಆಮೇಲೆ ಕಾಗದಕ್ಕೆ ಇಳಿದದ್ದು ಮೂರಂತಸ್ತಿನ ಮಂಚಗಳು, ಊಟಕ್ಕೆ ನಿಂತ ಸಾಲು, ಬಚ್ಚಲು, ಗಂಟುಮೂಟೆ ಹೊತ್ತು ಬಂದಿಳಿಯುವವರು. ಸುಮಾರು ನೂರು ಚಿತ್ರ. 1944ರ ಅಕ್ಟೋಬರಿನಲ್ಲಿ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ ಸಾಗಿಸುವ ಮುಂಚೆ ಅವನ್ನು ಬಂಧುವೊಬ್ಬರ ಕೈಗೆ ಕೊಟ್ಟಳು. ಅವರು ಗೋಡೆಯೊಳಗಿಟ್ಟು ಇಟ್ಟಿಗೆ ಮುಚ್ಚಿದರು. ಮುಂದೆ ಫ್ರೈಬರ್ಗ್‌ನ ವಿಮಾನ ಕಾರ್ಖಾನೆಯಲ್ಲಿ ದುಡಿತ, ಅಲ್ಲಿಂದ ಮೌತ್‌ಹೌಸೆನ್ ಶಿಬಿರ, 1945ರ ಮೇನಲ್ಲಿ ಬಿಡುಗಡೆ. ತಾಯಿ ಮಗಳು ಪ್ರಾಗ್‌ಗೆ ಮರಳಿದರು. ಅಪ್ಪ ಬರಲಿಲ್ಲ.

ಆ ತಂದೆ ಮಗಳಿಗೆ ಹೇಳಿದ್ದನ್ನೇ ನಾನು ನಿನಗೆ ಹೇಳಬೇಕಾಗಿದೆ. ನೀನು ಕಣ್ಣಾರೆ ಕಾಣಲಿಲ್ಲ, ನಿಜ. ಕಂಡ ಮಕ್ಕಳು ಬಿಟ್ಟುಹೋದದ್ದನ್ನಾದರೂ ಹತ್ತಿರದಿಂದ ನೋಡು. ಅದೇ ಟೆರೆಜಿನ್‌ನಲ್ಲಿ ಕಲಾವಿದೆ ಫ್ರೀಡಲ್ ಡಿಕರ್-ಬ್ರಾಂಡೈಸ್ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು. ಕಾಗದ ಸಾಲದೆ ಕಚೇರಿಯ ಹಳೆಯ ನಮೂನೆಗಳ ಹಿಂಬದಿಯಲ್ಲೂ ಮಕ್ಕಳು ಬಿಡಿಸಿದರು. ಪ್ರತಿ ಮಗುವೂ ತನ್ನ ಚಿತ್ರಕ್ಕೆ ಹೆಸರು ಹಾಕಬೇಕೆಂಬುದು ಅವರ ಹಠ. ಫ್ರೀಡಲ್ ಅವರನ್ನು 1944ರಲ್ಲಿ ಆಶ್ವಿಟ್ಜ್‌ನ ಭಾಗವಾದ ಬಿರ್ಕೆನೌನಲ್ಲಿ ಕೊಂದರು. ಎರಡು ಸೂಟ್‌ಕೇಸುಗಳಲ್ಲಿ ಅಡಗಿದ್ದ ಸುಮಾರು 4,500 ಚಿತ್ರಗಳು ಯುದ್ಧ ಮುಗಿದ ಮೇಲೆ ಪ್ರಾಗ್ ತಲುಪಿದವು. ನಿನ್ನ ಹುಡುಗಿಗೆ ಇನ್ನೂ ಹೆಸರಿಲ್ಲ. ಮೊದಲು ಅವಳಿಗೊಂದು ಹೆಸರಿಡು.

ಇನ್ನೊಂದು ಮಾತು, ಇದು ನನಗೆ ನೋವು ಕೊಟ್ಟದ್ದು. 'ಧೈರ್ಯವೇ ಅವಳನ್ನು ಉಳಿಸಿತು' ಎಂದು ಬರೆದಿದ್ದೀಯ. ಆ ಸಾಲನ್ನು ತೆಗೆದುಬಿಡು. ಧೈರ್ಯವಿದ್ದ ಮಕ್ಕಳೂ ಸತ್ತರು. ಸತ್ತವರಲ್ಲಿ ಏನೋ ಕಡಿಮೆಯಿತ್ತು ಎನ್ನುವಂತೆ ಆ ಸಾಲು ಕೇಳಿಸುತ್ತದೆ.

ಹೆಲ್ಗಾಳ ಒಂದು ಚಿತ್ರವನ್ನು ಹುಡುಕಿ ನೋಡು. 1943ರಲ್ಲಿ ಗೆಳತಿಯ 14ನೇ ಹುಟ್ಟುಹಬ್ಬಕ್ಕೆಂದು ಬಿಡಿಸಿಕೊಟ್ಟದ್ದು. ಅದರಲ್ಲಿ ಮೂರು ಭಾಗ. 1929: ಹೆರಿಗೆ ಆಸ್ಪತ್ರೆಯಲ್ಲಿ ಎರಡು ಹಸುಗೂಸುಗಳು. 1943: ಸೆರೆಯ ಮಂಚದ ಮೇಲೆ ಇಬ್ಬರು ಹುಡುಗಿಯರು. 1957: ಇಬ್ಬರೂ ತಾಯಂದಿರಾಗಿ ಮಕ್ಕಳ ಗಾಡಿ ತಳ್ಳುತ್ತಿದ್ದಾರೆ. ಆ ಗೆಳತಿ ಆಶ್ವಿಟ್ಜ್‌ನಿಂದ ಮರಳಲಿಲ್ಲ.

ಮೂರನೆಯ ಭಾಗವನ್ನು ಬಹಳ ಹೊತ್ತು ನೋಡು. ಆಮೇಲೆ ನಿನ್ನ ಕೊನೆಯ ಪುಟವನ್ನು ಮತ್ತೆ ಬರೆದು ನನಗೆ ಕಳಿಸು.

ನಿನ್ನ,
ಅಕ್ಕ