ರೊಟ್ಟಿ ಕಟ್ಟಿಕೊಂಡು ಹೋದವರನ್ನು ಹಂಗಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಯುರೋಪ್ ಪ್ರವಾಸದ ಲೇಖನ ಓದಿ ತುಂಬಾ ಬೇಜಾರಾಯಿತು. ಅದರಲ್ಲಿ ಸ್ವಿಟ್ಜರ್ಲೆಂಡ್ ಬಗ್ಗೆ ಇರುವುದು ಕಡಿಮೆ, ಬಸ್ಸಿನಲ್ಲಿ ಜೊತೆಗಿದ್ದ ನಮ್ಮ ಕಡೆಯ ಜನರ ಬಗ್ಗೆ ಇರುವುದೇ ಜಾಸ್ತಿ. ಅವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಬಿಚ್ಚಿಕೊಂಡು ಕೂತಿದ್ದು, ಹೋಟೆಲ್ಲಿನಲ್ಲಿ ಬಿಸಿನೀರು ಕೇಳಿದ್ದು, ಜೋರಾಗಿ ಮಾತಾಡಿದ್ದು, ಎಲ್ಲಾ ಲೇಖಕರಿಗೆ ತಮಾಷೆ.

ಜೂರಿಕ್‌ನಲ್ಲಿ ಒಬ್ಬ ಹಿರಿಯರು ರಸ್ತೆ ಪಕ್ಕದ ಕಾರಂಜಿಯಲ್ಲಿ ಬಾಟಲಿ ತುಂಬಿಕೊಂಡರಂತೆ. ಅದಕ್ಕೇ ಅಷ್ಟುದ್ದ ನಕ್ಕಿದ್ದಾರೆ. ಆ ಊರಲ್ಲಿ ಅಂಥ ಕಾರಂಜಿಗಳು 1,200ಕ್ಕೂ ಹೆಚ್ಚಿವೆ. ಕುಡಿಯಬೇಡಿ ಅಂತ ಬೋರ್ಡ್ ಇಲ್ಲದಿದ್ದರೆ ಆ ನೀರು ಕುಡಿಯಬಹುದು, ಅಲ್ಲಿನ ಜನರೇ ಕುಡಿಯುತ್ತಾರೆ. ಹಿರಿಯರು ಮಾಡಿದ್ದು ಸರಿಯಾಗೇ ಇತ್ತು. ಇಷ್ಟನ್ನು ಬರೆದಿದ್ದರೆ ಮುಂದೆ ಹೋಗುವವರಿಗೆ ನೀರಿನ ದುಡ್ಡಾದರೂ ಉಳಿಯುತ್ತಿತ್ತು ಅಲ್ವಾ?

ರೊಟ್ಟಿಯ ವಿಷಯವೂ ಹಾಗೆಯೇ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹೊರಗಿನ ಊಟ ಬಹಳ ದುಬಾರಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೇ ತಲೆಗೆ 90 ಯೂರೊ ಕಟ್ಟಬೇಕು, ವೀಸಾ ಸಿಗದಿದ್ದರೆ ಆ ದುಡ್ಡೂ ವಾಪಸ್ ಬರುವುದಿಲ್ಲ. ವರ್ಷಗಟ್ಟಲೆ ಒಣದ್ರಾಕ್ಷಿ ಮಾರಿ ಕೂಡಿಟ್ಟ ದುಡ್ಡಿನಲ್ಲಿ, ಇಲ್ಲಾ ನಿವೃತ್ತಿಯಾದಾಗ ಕೈಗೆ ಬಂದ ಹಣದಲ್ಲಿ, ಗಂಡ ಹೆಂಡತಿ ಮೊದಲ ಸಲ ವಿಮಾನ ಹತ್ತಿರುತ್ತಾರೆ. ಅವರು ಊಟದ ಖರ್ಚು ಉಳಿಸಿದರೆ ಅದರಲ್ಲಿ ನಗುವಂಥದ್ದೇನಿದೆ? ಅದರ ಬದಲು ಉಪಯೋಗದ ಮಾತು ಹೇಳಬಹುದಿತ್ತು. ಹಾಲಿನಿಂದ, ಮಾಂಸದಿಂದ ಮಾಡಿದ ಪದಾರ್ಥ ಅಲ್ಲಿಗೆ ಒಯ್ಯಲು ಬಿಡುವುದಿಲ್ಲ, ಅಂದರೆ ತುಪ್ಪದ ಡಬ್ಬಿ ಮನೆಯಲ್ಲೇ ಇಡಬೇಕು. ರೊಟ್ಟಿ, ಹಿಂಡಿಗೆ ಆ ನಿಯಮ ಇಲ್ಲ.

ಗುಂಪಿನಲ್ಲಿ ಹೋಗುವವರನ್ನು ಕೀಳಾಗಿ ನೋಡುವುದು ಹಳೆಯ ಚಾಳಿ. ಗುಂಪು ಪ್ರವಾಸ ನಡೆಸುತ್ತಿದ್ದ ಇಂಗ್ಲೆಂಡಿನ ಥಾಮಸ್ ಕುಕ್ 1841ರಲ್ಲಿ ಅಲ್ಲಿನ ಲೆಸ್ಟರ್‌ನಿಂದ ಲಫ್‌ಬರೋಗೆ ತಲೆಗೆ ಒಂದು ಶಿಲ್ಲಿಂಗ್‌ಗೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದುಕೊಂಡು ಹೋದರು. ಮುಂದೆ 1860ರ ದಶಕದಲ್ಲಿ ಸಾಮಾನ್ಯ ಕುಟುಂಬದವರನ್ನು ಸ್ವಿಟ್ಜರ್ಲೆಂಡ್, ಇಟಲಿಗೂ ಕರೆದೊಯ್ದಾಗ, ಅಲ್ಲಿಯವರೆಗೆ ಆ ಊರುಗಳು ತಮಗೆ ಮಾತ್ರ ಅಂದುಕೊಂಡಿದ್ದ ಇಂಗ್ಲೆಂಡಿನ ದೊಡ್ಡಮಂದಿ ಪತ್ರಿಕೆಗಳಲ್ಲಿ ಹೀಗೇ ಹಂಗಿಸಿದರು.

ನಗು ಬೇಡ ಅಂತ ನಾನು ಹೇಳುತ್ತಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಹಳ್ಳಿಯ ಕಣ್ಣಿನಿಂದಲೇ ಅಮೆರಿಕ ನೋಡಿ ನಮ್ಮನ್ನು ನಗಿಸಿದರು. ಹಳ್ಳಿಯವರು ಅಂತ ಯಾರನ್ನೂ ಸಣ್ಣವರನ್ನಾಗಿ ಮಾಡಲಿಲ್ಲ.

ಸಂಪಾದಕರೇ, ಒಂದು ವಿನಂತಿ. ಸುಮ್ನೆ ಈ ಪತ್ರ ಹಾಕಿ ಬಿಟ್ಟುಬಿಡಬೇಡಿ. ಮೊದಲ ಸಲ ವಿದೇಶಕ್ಕೆ ಹೋಗಿಬಂದ ನಮ್ಮ ಜಿಲ್ಲೆಯ ರೈತರಿಂದ, ನಿವೃತ್ತ ಮಾಸ್ತರರಿಂದ, ಮನೆಯ ಹೆಣ್ಣುಮಕ್ಕಳಿಂದ ಬರೆಸಿ. ಭಾಷೆ ನಯವಾಗಿಲ್ಲದಿದ್ದರೂ ಪರವಾಗಿಲ್ಲ, ನಮ್ಮ ಕಡೆ ಮಾತಿನಲ್ಲೇ ಇರಲಿ, ತಿದ್ದಬೇಡಿ.

– ನಿಮ್ಮ ಓದುಗ, ವಿಜಯಪುರ