ರೀಮೇಕ್ ಬರೆಯಲು ಹೊರಟ ತಂಗಿಗೆ

ಪ್ರೀತಿಯ ತಂಗಿ,

ಪತ್ರ ಓದಿದೆ. ಹಳೇ ಧಾರಾವಾಹಿಯ ರೀಮೇಕ್‌ಗೆ ಚಿತ್ರಕಥೆ ಬರೆಯುವ ಕೆಲಸ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಪ್ರೋಮೋ ಬಂದ ರಾತ್ರಿಯಿಂದಲೇ ಬೈಗುಳ ಶುರುವಾಗಿದೆ ಅಂತ ಬರೆದಿದ್ದೀಯ. ತಾತನ ಪಾತ್ರವನ್ನು ಅಜ್ಜಿಯಾಗಿ ಬದಲಾಯಿಸಿದ್ದಕ್ಕೆ ಇಷ್ಟೊಂದು ಸಿಟ್ಟಾ ಅಂತ ನಿನಗೆ ಆಶ್ಚರ್ಯ. ನನಗಂತೂ ಇಲ್ಲ. ಇದೇ ಕಾರಣಕ್ಕೆ ಅಮೆರಿಕದಲ್ಲಿ ಇದರಪ್ಪನಂಥ ಗಲಾಟೆ ಆಗಿತ್ತು.

1978ರಲ್ಲಿ ಅಲ್ಲಿನ ಎಬಿಸಿ ಚಾನೆಲ್‌ನಲ್ಲಿ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಅಂತ ಒಂದು ಧಾರಾವಾಹಿ ಬಂತು. ಸೈಲಾನ್ ಅನ್ನೋ ಯಂತ್ರಮಾನವರು ಮನುಷ್ಯರ ಲೋಕಗಳನ್ನೆಲ್ಲ ನಾಶ ಮಾಡುತ್ತಾರೆ. ಉಳಿದಷ್ಟು ಜನ ಒಂದು ಯುದ್ಧನೌಕೆಯನ್ನು ನಂಬಿಕೊಂಡು ಭೂಮಿಯನ್ನು ಹುಡುಕುತ್ತಾ ಹೋಗುತ್ತಾರೆ. ಒಂದೇ ಸೀಸನ್‌ಗೆ ಅದು ನಿಂತುಹೋಯಿತು. ಅರ್ಧಕ್ಕೆ ನಿಂತ ಕಥೆಯನ್ನು ಜನ ಸುಲಭಕ್ಕೆ ಮರೆಯೋದಿಲ್ಲ ನೋಡು, ಮುಂದಿನದನ್ನು ತಾವೇ ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ. ಅದರಲ್ಲಿ ಕ್ಯಾಪ್ಟನ್ ಅಪೊಲೊ ಆಗಿದ್ದ ರಿಚರ್ಡ್ ಹ್ಯಾಚ್, ಕಥೆ ಮುಂದುವರಿಸಿ ಅಂತ ವರ್ಷಗಟ್ಟಲೆ ಓಡಾಡಿದರು. ಕೈಯಿಂದ ದುಡ್ಡು ಹಾಕಿ ಒಂದು ಟ್ರೇಲರ್ ಕೂಡ ಮಾಡಿದರು. ಆದರೆ 2003ರ ಡಿಸೆಂಬರ್‌ನಲ್ಲಿ ಬಂದದ್ದು ಮುಂದುವರಿಕೆ ಅಲ್ಲ, ರೀಮೇಕ್. ಬರೆದವರು ರೊನಾಲ್ಡ್ ಡಿ. ಮೂರ್.

ಹಳೆಯದರಲ್ಲಿ ಸ್ಟಾರ್‌ಬಕ್ ಅಂತ ಒಬ್ಬ ಪೈಲಟ್. ಸಿಗಾರ್, ಇಸ್ಪೀಟು, ಹುಡುಗಿಯರ ಹಿಂದೆ ಸುತ್ತಾಟ. ಎಲ್ಲರಿಗೂ ಅಚ್ಚುಮೆಚ್ಚು. ಮೂರ್ ಅವನನ್ನು ಹೆಣ್ಣು ಮಾಡಿಬಿಟ್ಟರು. ಪ್ರಸಾರಕ್ಕೆ ಮೊದಲೇ ಇಂಟರ್ನೆಟ್‌ನಲ್ಲಿ ಬೆಂಕಿ ಬಿತ್ತು. ಹಳೆಯ ಸ್ಟಾರ್‌ಬಕ್ ಆಗಿದ್ದ ಡರ್ಕ್ ಬೆನೆಡಿಕ್ಟ್ ಕೂಡ ಆಮೇಲೆ ಖಾರವಾಗಿ ಒಂದು ಲೇಖನ ಬರೆದರು. ಹಳೇ ಧಾರಾವಾಹಿಯ ಇಪ್ಪತ್ತೈದನೇ ವರ್ಷಕ್ಕೆ ಅಭಿಮಾನಿಗಳು ಸಮಾವೇಶ ಮಾಡಿದಾಗ ಮೂರ್ ಅಲ್ಲಿಗೇ ಹೋದರು. ಜನ ಕೂಗಿ ಗೇಲಿ ಮಾಡಿದರು. ಕೊನೆಗೆ ಮರ್ಯಾದೆಯಿಂದ ನಡೆದುಕೊಳ್ಳಿ ಅಂತ ಸಭಿಕರನ್ನು ಕೇಳಿಕೊಂಡದ್ದು ಯಾರು ಗೊತ್ತಾ? ರೀಮೇಕ್‌ನಿಂದ ಎಲ್ಲರಿಗಿಂತ ಜಾಸ್ತಿ ನೊಂದಿದ್ದ ಅದೇ ಹ್ಯಾಚ್.

ಮೂರ್ ಆಮೇಲೆ ಏನು ಮಾಡಿದರು ಅನ್ನೋದನ್ನು ಸ್ವಲ್ಪ ಗಮನ ಕೊಟ್ಟು ನೋಡು. ಸ್ಟಾರ್‌ಬಕ್‌ಳನ್ನು ಮತ್ತೆ ಗಂಡು ಮಾಡಲಿಲ್ಲ. ಆದರೆ ಸಿಗಾರ್ ಬಿಡಿಸಲಿಲ್ಲ, ಇಸ್ಪೀಟೂ ಬಿಡಿಸಲಿಲ್ಲ. ಶುರುವಿನಲ್ಲೇ ಅವಳು ಇಸ್ಪೀಟಿನ ಮೇಜಿನ ಹತ್ತಿರ ಮೇಲಧಿಕಾರಿಯ ಮುಖಕ್ಕೇ ಗುದ್ದುತ್ತಾಳೆ. ಹಳೇ ಸೈಲಾನ್‌ನ ಲೋಹದ ಮೈಯನ್ನು ನೌಕೆಯ ಮ್ಯೂಸಿಯಂನಲ್ಲಿ ಇಟ್ಟರು. ಎರಡನೇ ಸೀಸನ್‌ನ ಒಂದು ಎಪಿಸೋಡ್‌ನಲ್ಲಿ ಹಳೆಯ ಟೈಟಲ್ ಸಂಗೀತವನ್ನೇ ಆ ಲೋಕದ ರಾಷ್ಟ್ರಗೀತೆಯಾಗಿ ಬಳಸಿದರು. ಮತ್ತೆ ಹ್ಯಾಚ್‌ಗೆ ಟಾಮ್ ಜಾರೆಕ್ ಅನ್ನೋ ಬಂಡಾಯಗಾರನ ಪಾತ್ರ ಕೊಟ್ಟರು. ಮೊದಲ ಸೀಸನ್‌ನ ಮೂರನೇ ಎಪಿಸೋಡ್ ಸಿಕ್ಕರೆ ನೋಡು. ಕೈದಿಗಳ ಹಡಗಿನೊಳಗೆ ಹಳೇ ಅಪೊಲೊ ಹೊಸ ಅಪೊಲೊ ಎದುರುಬದುರು ನಿಂತು ವಾದ ಮಾಡುತ್ತಾರೆ. ಹ್ಯಾಚ್‌ಗೆ ಸಿಕ್ಕಿದ್ದು ಸುಮ್ನೆ ಬಂದು ಕೈಬೀಸಿ ಹೋಗುವ ಪಾತ್ರ ಅಲ್ಲ. ವಾದದಲ್ಲಿ ಗೆಲ್ಲಬಹುದಾದ ಪಾತ್ರ.

ಅಭಿಮಾನಿಯ ಸಿಟ್ಟಿನಲ್ಲಿ ಎರಡು ವಿಷಯ ಇರುತ್ತವೆ: ಹೀಗೆ ಮಾಡಿ ಅನ್ನೋ ಹುಕುಂ, ಮತ್ತೆ ಇದನ್ನು ಕಳೆದುಕೊಂಡೆ ಅನ್ನೋ ಸಂಕಟ. ಹುಕುಂ ಪಾಲಿಸಬೇಕಾಗಿಲ್ಲ. ಸಂಕಟ ಮಾತ್ರ ನಿನಗೆ ಬೇಕು. ಅಜ್ಜಿಮನೆಯನ್ನು ಬೇರೆಯವರು ಕೊಂಡು ಬಣ್ಣ ಬದಲಾಯಿಸಿದರೆ ನಮಗೆ ಚುರ್ ಅನ್ನುತ್ತೆ, ಅಲ್ವಾ? ಮನೆ ನಮ್ಮದಲ್ಲ ಅಂತ ಗೊತ್ತಿದ್ದರೂ ಅನ್ನುತ್ತೆ. ನೀನು ಕಳಿಸಿದ ಬೈಗುಳಗಳಲ್ಲಿ ಒಬ್ಬರು ಕೇಳಿದ್ದಾರಲ್ಲ, 'ತಾತ ಹೋಗಲಿ, ಆ ಜಗಲಿ ಪಂಚಾಯ್ತಿನಾದರೂ ಇದೆಯಾ?' ಅಂತ. ಉಳಿದ ಇನ್ನೂರು ಬೈಗುಳ ಬಿಟ್ಟು ಅದೊಂದನ್ನು ಬರೆದಿಟ್ಟುಕೋ. ಅವರಿಗೆ ಬೇಕಾದದ್ದು ಊರ ಜಗಳ ಮನೆಯೊಳಗೆ ಬಂದು ತೀರ್ಮಾನ ಆಗುತ್ತಿದ್ದ ಆ ಜಾಗ. ಅಜ್ಜಿ ಆ ಜಗಲಿ ಮೇಲೆ ಕೂರಲಿ. ಅವಳ ತೀರ್ಪು ತಾತನದಕ್ಕಿಂತ ಕಟುವಾಗಿರಲಿ.

ಮೂರ್‌ಗೆ ಇದು ಅರ್ಥವಾಗಿದ್ದಕ್ಕೆ ಒಂದು ಕಾರಣ ಇದೆ ಅನಿಸುತ್ತೆ. ಅವರೂ ಮೊದಲು ಅಭಿಮಾನಿಯೇ. 'ಸ್ಟಾರ್ ಟ್ರೆಕ್' ಅನ್ನೋ ಬಾಹ್ಯಾಕಾಶ ಧಾರಾವಾಹಿಯ ಸೆಟ್ ನೋಡಲು ಹೋದವರು ತಾವು ಬರೆದಿದ್ದ ಸ್ಕ್ರಿಪ್ಟನ್ನು ಅಲ್ಲಿ ಕೊಟ್ಟು ಬಂದರು. ಅದು 1989ರಲ್ಲಿ ಎಪಿಸೋಡ್ ಆಯಿತು. ಮುಂದೆ 1994ರಲ್ಲಿ, ಸ್ಟಾರ್ ಟ್ರೆಕ್‌ನ ಹಳೇ ನಾಯಕ ಕ್ಯಾಪ್ಟನ್ ಕರ್ಕ್ ಸಾಯುವ ಸಿನಿಮಾ ಬರೆದ ಇಬ್ಬರಲ್ಲಿ ಅವರೂ ಒಬ್ಬರು!

ನಮ್ಮಲ್ಲಿ ಇನ್ನೊಂದು ತೊಡಕಿದೆ. 2019ರಲ್ಲಿ ಝೀ ಕನ್ನಡದಲ್ಲಿ ಶುರುವಾದ 'ಜೊತೆ ಜೊತೆಯಲಿ' ಮರಾಠಿಯ 'ತುಲಾ ಪಾಹತೆ ರೇ'ಯ ರೀಮೇಕ್. ಮರಾಠಿಯಲ್ಲಿ ಎಲ್ಲರೂ ಮೆಚ್ಚಿದ ಹೀರೋನೇ ಕೊನೆಗೆ ಖಳನಾಯಕ. ಆ ಕಥೆ ಫೋನಿನಲ್ಲೇ ಸಿಗುವ ಕಾಲದಲ್ಲಿ ವೀಕ್ಷಕರು ನಿನಗಿಂತ ಮುಂದೆ ಇರುತ್ತಾರೆ. ಟ್ವಿಸ್ಟ್ ಮುಚ್ಚಿಡಲು ಒದ್ದಾಡಬೇಡ. ಗೊತ್ತಿದ್ದವರೂ ಕೂತು ನೋಡುವ ಹಾಗೆ ದೃಶ್ಯ ಬರಿ.

ಉತ್ತರ ಕೊಡಬೇಕಾ ಅಂತ ಕೇಳಿದ್ದೀಯ. ಹೊಸ ಗ್ಯಾಲಾಕ್ಟಿಕಾದ ನಾಯಕ ನಟ ಎಡ್ವರ್ಡ್ ಜೇಮ್ಸ್ ಓಲ್ಮೋಸ್, ಹಳೆಯದರ ಕಟ್ಟಾ ಅಭಿಮಾನಿಗಳು ಇದನ್ನು ನೋಡಲೇಬೇಡಿ ಅಂದುಬಿಟ್ಟಿದ್ದರು. ನಟರಿಗೆ ಅದು ನಡೆಯುತ್ತೆ. ಬರೆಯುವವರು ಹಾಗೆ ಬಾಗಿಲು ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ. ಮೂರ್ ಎಪಿಸೋಡ್‌ಗಳ ಬಗ್ಗೆ ಪಾಡ್‌ಕಾಸ್ಟ್ ಮಾಡುತ್ತಿದ್ದರು, ಮನೆಯಲ್ಲೇ ಕೂತು, ಕೈಯಲ್ಲಿ ವಿಸ್ಕಿ ಸಿಗರೇಟು ಹಿಡಿದು. 'ಬ್ಲ್ಯಾಕ್ ಮಾರ್ಕೆಟ್' ಎಪಿಸೋಡ್ ಚೆನ್ನಾಗಿ ಬರಲಿಲ್ಲ ಅಂತ ತಾವೇ ಹೇಳಿದರು. ಹಾಗೆ ಕೆಲಸದ ಬಗ್ಗೆ ಮಾತಾಡು. ವ್ಯಕ್ತಿಗಳ ಜೊತೆ ಜಗಳ ಬೇಡ. ಹೆಣ್ಣು ಅಂತ ಹೊಲಸು ಬರೆಯುವವರ ಲೆಕ್ಕ ಬೇರೆ. ಅದು ಅಭಿಮಾನವೇ ಅಲ್ಲ. ಸ್ಕ್ರೀನ್‌ಶಾಟ್ ತೆಗೆದಿಡು, ನಿರ್ಮಾಪಕರಿಗೆ ಕಳಿಸು, ಬೆದರಿಕೆ ಇದ್ದರೆ ಸೈಬರ್ ಪೊಲೀಸರಿಗೆ ದೂರು ಕೊಡು.

ಹೊಸ ಗ್ಯಾಲಾಕ್ಟಿಕಾ, ಅಮೆರಿಕದಲ್ಲಿ ಒಳ್ಳೆಯ ಟಿವಿ, ರೇಡಿಯೊ ಕಾರ್ಯಕ್ರಮಗಳಿಗೆ ಕೊಡುವ ಪೀಬಾಡಿ ಪ್ರಶಸ್ತಿ ಪಡೆಯಿತು. 2009ರ ಮಾರ್ಚ್‌ನಲ್ಲಿ ಮುಗಿಯಿತು. ಮುಗಿದ ರೀತಿಗೆ ಮತ್ತೆ ಗಲಾಟೆ. ಈ ಸಲ ಸಿಟ್ಟಾದವರು ಮೂರ್ ಅವರದೇ ಅಭಿಮಾನಿಗಳು, ಸ್ಟಾರ್‌ಬಕ್‌ಳನ್ನು ಪ್ರೀತಿಸಿ ನಾಲ್ಕು ಸೀಸನ್ ನೋಡಿದವರು. ನಿನ್ನ ಅಜ್ಜಿಗೂ ಅಂಥವರು ಹುಟ್ಟಿಕೊಂಡರೆ, ಅವಳ ಪಾತ್ರ ಮುಗಿಸುವ ವಾರ ನನಗೆ ಮೊದಲೇ ತಿಳಿಸು. ಸದ್ಯಕ್ಕೆ ಮೊದಲ ತಿಂಗಳ ಒನ್‌ಲೈನ್, ಅಂದರೆ ಕಥೆಯ ಸಾರಾಂಶ ಕಳಿಸು, ಭಾನುವಾರ ಕೂತು ಓದುತ್ತೇನೆ.

ಇಂತಿ,
ನಿನ್ನ ಅಣ್ಣ