ಹಸಿರು ವಲಯದ ಪ್ಲಾಟು: ಮುಂಗಡ ಕೊಡುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಧಾರವಾಡದ ಅಂಚಿನ ಹಸಿರು ವಲಯದ (ಕೃಷಿಗೆ ಮೀಸಲಿಟ್ಟ) ಹೊಲಗಳಲ್ಲಿ ಕಲ್ಲು ನೆಟ್ಟು, ಗರಸು ಹಾಕಿ, "ಎನ್.ಎ. (ಕೃಷಿಯೇತರ) ಆಗೇತ್ರಿ" ಅಂತ ಪ್ಲಾಟು ಮಾರುತ್ತಿದ್ದಾರೆ. ಆ ಮಾತು ಸಾಲದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಭೂಪರಿವರ್ತನೆ ಆದೇಶ ಬೇರೆ, ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ಲೇಔಟ್ ನಕ್ಷೆ ಬೇರೆ. ಎರಡೂ ಕೈಯಲ್ಲಿ ನೋಡಿ.

ಮೊದಲು ಜಾಗದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರು ಸಿಗುತ್ತದೆ. ಅದರ ಉತಾರ (ಪಹಣಿ) ತೆಗೆದು 3ನೇ ಕಾಲಂ ನೋಡಿ. 'ಬ' ಖರಾಬು ಇದ್ದರೆ ಅದು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ. ಮಾರಲು ಯಾರಿಗೂ ಹಕ್ಕಿಲ್ಲ. ಹೆಚ್ಚು ಮೋಸ ಆಗುವುದು ಇಲ್ಲೇ. ಹಳ್ಳಕ್ಕೆ ಮಣ್ಣು ತುಂಬಿ ಪ್ಲಾಟು ಮಾಡುತ್ತಾರೆ, ದೊಡ್ಡ ಮಳೆಗೆ ನೀರು ತನ್ನ ಹಳೆಯ ದಾರಿಯನ್ನೇ ಹಿಡಿದು ಮನೆಯೊಳಗೆ ಬರುತ್ತದೆ. ಎರೆಭೂಮಿಯಲ್ಲಂತೂ ಅಡಿಪಾಯವೂ ಬಿರಿಯುತ್ತದೆ. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆ ಇರುತ್ತದೆ, ತಾಳೆ ಹಾಕಿ.

ಪಂಚಾಯ್ತಿ ಹದ್ದಿನಲ್ಲಿ 11ಬಿ ನಮೂನೆ (ಮಂಜೂರಾತಿ ಇಲ್ಲದ ಆಸ್ತಿಯ ಪಂಚಾಯ್ತಿ ದಾಖಲೆ) ತೋರಿಸಿದರೆ ಅಲ್ಲೇ ನಿಲ್ಲಿ.

ಗದಗ ಕಡೆಯವರೇ, ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅದರ ಸುತ್ತಲಿನ ಜಮೀನಾದರೆ ಅರಣ್ಯ ಇಲಾಖೆಯಿಂದ ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ಕಚೇರಿಯವರು ದಾಖಲೆ ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರ ಕೊಡಲು ಅವರಿಗೆ 30 ದಿನದ ಗಡುವಿದೆ. ಭೂಬಳಕೆ ಬದಲಾವಣೆಯ ಪತ್ರಿಕಾ ಪ್ರಕಟಣೆ ಕಂಡರೆ ಅದರಲ್ಲಿ ಹೇಳಿದ ಗಡುವಿನೊಳಗೆ ಆಕ್ಷೇಪಣೆ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ತಕರಾರು ಕಡತಕ್ಕೆ ಸೇರುವುದಿಲ್ಲ.

ಗುಂಪಿಗೆ ಬ್ರೋಷರಿನ ಚಿತ್ರ ಬೇಡ. ಸರ್ವೆ ನಂಬರು, ಊರು, ಉತಾರದ ಪ್ರತಿ ಕಳಿಸಿ.